ಅಲುಗದ ಚುಕ್ಕೆ

ತಂಬೂರಿಯನ್ನು ಮಡಿಲಲ್ಲಿ ಮಲಗಿಸಿಕೊಳ್ಳಿ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿರುವ ಜೀವದ ದಾರವನ್ನು ಸದ್ಯಕ್ಕೆ ತೆಗೆದಿಡಿ. ಅದರ ಸರದಿ ಆಮೇಲೆ ಬರುತ್ತದೆ. ಈಗ ಮಂದ್ರ ಷಡ್ಜದ ದಪ್ಪ ತಂತಿಯ ಸರಿ ನಡುವೆ ಬೆರಳ ತುದಿಯನ್ನು ತಾಗಿಸಿ. ಒತ್ತಬಾರದು, ತಾಗಿದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿರಲಿ. ಇನ್ನೊಂದು ಕೈಯಿಂದ ತಂತಿಯನ್ನು ಮೀಟಿ, ಮೀಟಿದ ಕೂಡಲೇ ಆ ಬೆರಳನ್ನು ತೆಗೆದುಬಿಡಿ. ಮಂದ್ರ ಷಡ್ಜ ಕೇಳುವುದಿಲ್ಲ. ಒಂದು ಸ್ಥಾಯಿ ಮೇಲಿನ ಷಡ್ಜ ಗಂಟೆಯ ಹಾಗೆ ತೇಲಿಬರುತ್ತದೆ. ಬೆರಳು ಅಲ್ಲಿಲ್ಲ, ತಂತಿಯ ಉದ್ದ ಬದಲಾಗಿಲ್ಲ, ಬಿರಡೆಯನ್ನು ಯಾರೂ ತಿರುವಿಲ್ಲ. ಆದರೂ ಸ್ವರ ಬದಲಾಗಿದೆ.

ಇನ್ನೊಮ್ಮೆ ಮಾಡಿ. ಈ ಸಲ ಬೆರಳು ತಂತಿಯ ಮೂರನೇ ಒಂದು ಭಾಗದಲ್ಲಿರಲಿ. ಮೀಟುವ ಮೊದಲು ಸಣ್ಣ ಕಾಗದದ ಚೂರುಗಳನ್ನು ನಡುವೆ ಮಡಚಿ, ಸವಾರಿ ಕೂರಿಸಿದಂತೆ ತಂತಿಯ ಮೇಲೆ ಅಲ್ಲಲ್ಲಿ ಕೂರಿಸಿ. ಮೀಟಿದೊಡನೆ ಹೆಚ್ಚಿನವು ಹಾರಿ ಬೀಳುತ್ತವೆ. ಮೂರನೇ ಎರಡು ಭಾಗದಲ್ಲಿ ಕುಳಿತದ್ದು ಮಾತ್ರ ಕದಲದೆ ಅಲ್ಲೇ ಇರುತ್ತದೆ. ಅದರ ಎಡಕ್ಕೂ ಬಲಕ್ಕೂ ತಂತಿ ಕಣ್ಣಿಗೆ ಮಸುಕಾಗುವಷ್ಟು ರಭಸದಿಂದ ಕುಣಿಯುತ್ತಿದೆ. ನಡುವೆ ಆ ಒಂದು ಚುಕ್ಕೆ ಅಲುಗುತ್ತಿಲ್ಲ. ಭೌತವಿಜ್ಞಾನ ಅದನ್ನು ನಿಸ್ಪಂದ ಬಿಂದು ಎನ್ನುತ್ತದೆ. ಈ ಅಧ್ಯಾಯವೆಲ್ಲ ಆ ಚುಕ್ಕೆಯನ್ನು ಕುರಿತದ್ದೇ. ಅದು ತಂತಿಯ ಮೇಲೆ ಮಾತ್ರ ಇರುವಂಥದ್ದಲ್ಲ. ಬೆಳಕಿನಲ್ಲೂ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲೂ ಇದೆ. 1930ರ ದಶಕದ ಬೆಂಗಳೂರಿನಲ್ಲಿ ನಡೆದ ಒಂದು ದೊಡ್ಡ ಕೆಲಸದ ಹೃದಯದಲ್ಲೂ ಅದೇ ಇತ್ತು.

ಅಲೆಯೆಂದರೆ ಸಾಗುವಂಥದ್ದು. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಜಾಡಿಸಿದರೆ ಒಂದು ಉಬ್ಬು ಸರಳಿನವರೆಗೆ ಓಡುತ್ತದೆ. ಅಲ್ಲಿ ಹಗ್ಗ ಕಟ್ಟಿಹಾಕಿಕೊಂಡಿದೆ, ಮೇಲೇಳುವ ಹಾಗಿಲ್ಲ. ಆದ್ದರಿಂದ ಉಬ್ಬು ತಗ್ಗಾಗಿ ತಿರುಗಿಕೊಂಡು ನಿಮ್ಮತ್ತ ವಾಪಸು ಬರುತ್ತದೆ. ಬಿಡದೆ ಜಾಡಿಸುತ್ತಲೇ ಇದ್ದರೆ ಹೋಗುವ ಅಲೆ, ಬರುವ ಅಲೆ ಎರಡೂ ಒಂದೇ ಹಗ್ಗದ ಮೇಲೆ ಎದುರುಬದುರಾಗುತ್ತವೆ. ಎರಡು ಎತ್ತಿನ ಗಾಡಿ ಎದುರಾದರೆ ಒಂದು ಪಕ್ಕಕ್ಕೆ ಸರಿಯಬೇಕು. ಅಲೆಗಳಿಗೆ ಆ ಕಷ್ಟವಿಲ್ಲ. ಒಂದರೊಳಗೊಂದು ಹಾಯ್ದು ಹೋಗುತ್ತವೆ. ಹಾಯುವಾಗ ಹಗ್ಗದ ಪ್ರತಿ ಬಿಂದುವೂ ಎರಡರ ಮಾತನ್ನೂ ಕೇಳಬೇಕು. ಒಂದು ಅಲೆ ಎರಡು ಸೆಂಟಿಮೀಟರ್ ಮೇಲೇಳು ಎನ್ನುತ್ತದೆ, ಇನ್ನೊಂದೂ ಹಾಗೇ ಎಂದರೆ ಬಿಂದು ನಾಲ್ಕು ಸೆಂಟಿಮೀಟರ್ ಏಳುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಅಷ್ಟೇ ಕೆಳಕ್ಕೆ ಎಂದರೆ ಬಿಂದು ಇದ್ದಲ್ಲೇ ಇರುತ್ತದೆ. ಚಿಹ್ನೆ ಸಹಿತ ಕೂಡುವುದು, ಅಷ್ಟೇ. ಪ್ರಾಥಮಿಕ ಶಾಲೆಯ ಆ ಕೂಡುವ ಲೆಕ್ಕಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ. ಈ ಕೂಡುವಿಕೆಗೇ ವ್ಯತಿಕರಣ ಎಂದು ಹೆಸರು.

ಎರಡೂ ಅಲೆಗಳು ಒಂದೇ ಅಳತೆಯವಾಗಿ, ಎದುರು ದಿಕ್ಕಿನಲ್ಲಿ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಹಗ್ಗದ ಕೆಲವು ಜಾಗಗಳಲ್ಲಿ ಅವುಗಳ ಮಾತು ಯಾವಾಗಲೂ ಒಂದಕ್ಕೊಂದು ವಿರುದ್ಧವಾಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಅಲ್ಲ, ಪ್ರತಿ ಕ್ಷಣವೂ. ಅವೇ ನಿಸ್ಪಂದಗಳು. ಅವುಗಳ ನಡುವೆ ಹಗ್ಗ ಅತಿ ಹೆಚ್ಚು ತೂಗುವ ಜಾಗಗಳು ಪ್ರಸ್ಪಂದಗಳು. ನೋಡುವವರ ಕಣ್ಣಿಗೆ ಏನೂ ಮುಂದೆ ಸಾಗುತ್ತಿಲ್ಲ, ಹಗ್ಗ ನಿಂತಲ್ಲೇ ಉಸಿರಾಡುತ್ತಿರುವಂತೆ ಕಾಣುತ್ತದೆ. ಇದು ಸ್ಥಾಯಿ ತರಂಗ. ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರವೇ ತರಂಗದೂರ. ಒಂದು ನಿಸ್ಪಂದದಿಂದ ಮುಂದಿನದಕ್ಕೆ ಸರಿಯಾಗಿ ಅರ್ಧ ತರಂಗದೂರ. ಈ ಅರ್ಧವನ್ನು ನೆನಪಿಟ್ಟುಕೊಳ್ಳಿ, ಮುಂದೆ ಹಪ್ಪಳ ಸುಡುವಾಗ ಬೇಕಾಗುತ್ತದೆ.

ಪಾಠ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಾತಿದೆ. ನಿಸ್ಪಂದದಲ್ಲಿ ಚಲನೆ ಇಲ್ಲವೆಂದರೆ ಅಲ್ಲಿಗೆ ಅಲೆ ಬಂದಿಲ್ಲ ಎಂದಲ್ಲ. ಎರಡೂ ಅಲೆಗಳು ಬಂದಿವೆ, ಬಂದಿರುವುದರಿಂದಲೇ ಅದು ನಿಂತಿದೆ. ಒಂದನ್ನು ತೆಗೆದುಹಾಕಿದರೆ ಚುಕ್ಕೆ ಕುಣಿಯತೊಡಗುತ್ತದೆ. ಅಲ್ಲಿ ಕಳೆದುಹೋದಂತೆ ಕಾಣುವ ಶಕ್ತಿ ಎಲ್ಲಿಗೂ ಹೋಗಿಲ್ಲ, ಪಕ್ಕದ ಪ್ರಸ್ಪಂದದಲ್ಲಿದೆ.

ತಂಬೂರಿಯ ತಂತಿ ಎರಡೂ ಕಡೆ ಬಿಗಿದದ್ದು. ಹಾಗಾಗಿ ಎರಡು ತುದಿಗಳೂ ನಿಸ್ಪಂದಗಳಾಗಲೇಬೇಕು. ನಡುವಿನ ಉದ್ದದಲ್ಲಿ ಅರ್ಧ ಅಲೆಗಳು ಒಂದು, ಎರಡು, ಮೂರು ಹೀಗೆ ಇಡಿಯಾಗಿ ಹಿಡಿಯಬೇಕು. ಎರಡೂವರೆ ಹಿಡಿಸುವಂತಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಮಂದ್ರ ಷಡ್ಜ ಸೆಕೆಂಡಿಗೆ 100 ಕಂಪನ ಎಂದಿಟ್ಟುಕೊಳ್ಳೋಣ. ಇಡೀ ತಂತಿ ಒಂದೇ ಕುಣಿಕೆಯಾಗಿ ಆಡಿದರೆ 100, ಎರಡಾಗಿ ಆಡಿದರೆ 200, ಮುಂದೆ 300, 400, 500. ಈ ಸಂಖ್ಯೆಗಳನ್ನು ಸಂಗೀತದ ಭಾಷೆಗೆ ತಂದರೆ ಮಂದ್ರ ಷಡ್ಜ, ಮಧ್ಯ ಷಡ್ಜ, ಅದರ ಪಂಚಮ, ತಾರ ಷಡ್ಜ. ಐದನೆಯದು ತಾರ ಸ್ಥಾಯಿಯ ಗಾಂಧಾರ. 400ಕ್ಕೂ 500ಕ್ಕೂ ಇರುವ ಪ್ರಮಾಣ ನಾಲ್ಕಕ್ಕೆ ಐದು, ಅದೇ ಅಂತರ ಗಾಂಧಾರ. ತಂಬೂರಿಗೆ ಗಾಂಧಾರದ ತಂತಿಯನ್ನು ಯಾರೂ ಕಟ್ಟುವುದಿಲ್ಲ. ಆದರೂ ಶ್ರುತಿ ಸರಿಯಾಗಿ ಕೂಡಿದಾಗ ಗಾಂಧಾರ ತಾನಾಗಿ ಎದ್ದುಬರುವುದನ್ನು ಹಾಡುವವರೆಲ್ಲ ಬಲ್ಲರು. ಅದಕ್ಕೆ ಸ್ವಯಂಭೂ ಗಾಂಧಾರ ಎಂಬ ಚಂದದ ಹೆಸರಿದೆ. ತಂತಿ ಐದು ಕುಣಿಕೆಗಳಾಗಿ, ನಾಲ್ಕು ಒಳ ನಿಸ್ಪಂದಗಳನ್ನು ಇಟ್ಟುಕೊಂಡು ಆಡುತ್ತಿರುವುದರ ಸದ್ದು ಅದು. ನಡುವೆ ಬೆರಳು ತಾಗಿಸಿದಾಗ ಆದದ್ದೂ ಈಗ ಅರ್ಥವಾಗುತ್ತದೆ. ನಡುವಿನ ಬಿಂದು ನಿಸ್ಪಂದವಾಗಿರುವ ಬಗೆಗಳು ಉಳಿದುಕೊಂಡವು, ಅಲ್ಲಿ ಅಲುಗಬೇಕಾಗಿದ್ದವನ್ನು ಬೆರಳು ಅಡಗಿಸಿತು.

ಮೀಟಿದ ತಂತಿ ಈ ಎಲ್ಲ ಬಗೆಗಳಲ್ಲೂ ಏಕಕಾಲಕ್ಕೆ ಆಡುತ್ತದೆ. ಯಾವುದು ಎಷ್ಟು ಎಂಬುದು ಎಲ್ಲಿ ಮೀಟಿದಿರಿ ಎಂಬುದರ ಮೇಲೆ ನಿಂತಿದೆ. ಇಂಗ್ಲೆಂಡಿನ ಥಾಮಸ್ ಯಂಗ್ ಇದರ ಬಗ್ಗೆ ಹೇಳಿದ ಮಾತು ನಿಯಮವಾಗಿ ನಿಂತಿತು: ಯಾವ ಬಿಂದುವಿನಲ್ಲಿ ಮೀಟುತ್ತೀರೋ ಆ ಬಿಂದು ಯಾವ ಬಗೆಗೆ ನಿಸ್ಪಂದವೋ ಆ ಬಗೆ ಹುಟ್ಟುವುದಿಲ್ಲ. ಐದನೇ ಒಂದು ಭಾಗದಲ್ಲಿ ಮೀಟಿದರೆ ಗಾಂಧಾರ ಇರಕೂಡದು. ನಿಸ್ಪಂದವನ್ನು ಹಿಡಿದೆಳೆದು ಆ ಬಗೆಯನ್ನು ಎಬ್ಬಿಸಲಾಗದು ಎಂಬುದು ಸಹಜವಾಗಿಯೇ ತೋರುತ್ತದೆ.

ಈಗ ಜೀವದ ದಾರವನ್ನು ಮತ್ತೆ ಸಿಕ್ಕಿಸಿ. ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಾದ ಅಂಚಿನದಲ್ಲ. ಅಗಲವಾಗಿ, ನಯವಾಗಿ ಬಾಗಿದ ಬೆನ್ನಿನದು. ಆ ಬೆನ್ನಿಗೂ ತಂತಿಗೂ ನಡುವೆ ಹತ್ತಿ ಅಥವಾ ರೇಷ್ಮೆಯ ಒಂದು ಎಳೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ದಾರಕ್ಕೆ ಜೀವವೆಂದು ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಧಾರವಾಡದ ಕಡೆಯ ಹಿಂದೂಸ್ತಾನಿ ಸಂಗೀತಗಾರರ ಬಾಯಲ್ಲಿ ಇದೇ ಜವಾರಿ. ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಅದರಲ್ಲಿ ಅವರು ತೋರಿಸಿದ್ದು ಇದು: ಈ ವಾದ್ಯಗಳು ಯಂಗ್ ನಿಯಮಕ್ಕೆ ಬಗ್ಗುವುದಿಲ್ಲ. ಒಂದು ಬಗೆಯ ನಿಸ್ಪಂದದಲ್ಲೇ ಸರಿಯಾಗಿ ಮೀಟಿದರೂ ಆ ಬಗೆಯ ಸ್ವರ ಕೇಳಿಬರುತ್ತದೆ. ತಂತಿ ಪ್ರತಿ ಆಟದಲ್ಲೂ ಕುದುರೆಯ ಬಾಗಿದ ಬೆನ್ನನ್ನು ಸವರಿ ಹೋಗುತ್ತದೆ. ಆ ಸವರುವಿಕೆ ಒಂದು ಬಗೆಯಲ್ಲಿರುವ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಮೀಟುವಾಗ ಹುಟ್ಟದೆ ಹೋದ ಗಾಂಧಾರ ಕುದುರೆಯಲ್ಲಿ ಹುಟ್ಟುತ್ತದೆ. ಕೆಲವೊಮ್ಮೆ ಮೀಟಿ ಅರೆಕ್ಷಣ ಕಳೆದ ಮೇಲೆ ಮೇಲುಸ್ವರಗಳು ಏರುತ್ತ ಬರುವುದು ಇದಕ್ಕೇ. ಹೆಸರೂ ಉಳಿಯದ ನಮ್ಮ ವಾದ್ಯ ಮಾಡುವ ಬಡಗಿಗಳು ಕಿವಿಯೊಂದನ್ನೇ ನಂಬಿ ಈ ಬೆನ್ನಿನ ಬಾಗು ಕಂಡುಕೊಂಡರು ಎಂಬುದು ನನಗೆ ವಿಜ್ಞಾನದ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ. ರಾಮನ್ ಅದನ್ನು ಬರೆದಿಟ್ಟರು.

ಯಂಗ್‌ನ ಹೆಸರು ಇಲ್ಲಿ ಬಂದದ್ದು ಆಕಸ್ಮಿಕವಲ್ಲ. ಆತ ವೃತ್ತಿಯಿಂದ ವೈದ್ಯ. ಹತ್ತಾರು ಭಾಷೆ ಬಲ್ಲವನು, ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸುವ ಕೆಲಸದಲ್ಲೂ ಕೈಯಿಟ್ಟವನು. ಬೆಳಕಿನ ಬಗ್ಗೆ ಆತನ ಯೋಚನೆಗಳೆಲ್ಲ ಸದ್ದಿನಿಂದ ಶುರುವಾದವು. 1800ರಲ್ಲಿ ಬಂದ ಮೊದಲ ದೊಡ್ಡ ಪ್ರಬಂಧದ ವಿಷಯವೇ ಸದ್ದು ಮತ್ತು ಬೆಳಕು, ಎರಡೂ ಒಟ್ಟಿಗೆ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸುವಾಗ ಏನಾಗುತ್ತದೆ ಎಂದು ನೆನೆಸಿಕೊಳ್ಳಿ. ಶ್ರುತಿ ಸ್ವಲ್ಪ ಆಚೀಚೆ ಇರುವವರೆಗೆ ವಂವ್... ವಂವ್... ಎಂದು ನಾದ ಏರುತ್ತ ಇಳಿಯುತ್ತ ಇರುತ್ತದೆ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 201 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಒಂದು ಏರಿಳಿತ. ಎರಡೂ ಜೊತೆಯಾಗಿ ತಳ್ಳುವಾಗ ಸದ್ದು ಏರುತ್ತದೆ, ಒಂದನ್ನೊಂದು ಅಳಿಸುವಾಗ ಇಳಿಯುತ್ತದೆ. ಬಿರಡೆ ತಿರುವುತ್ತ, ಮಣಿ ಸರಿಸುತ್ತ ಏರಿಳಿತ ನಿಧಾನವಾಗಿ, ಕೊನೆಗೆ ಇಲ್ಲವಾದಾಗ ಶ್ರುತಿ ಸೇರಿತು ಎನ್ನುತ್ತೇವೆ. ಪ್ರತಿ ಕಛೇರಿಗೂ ಮೊದಲು ವೇದಿಕೆಯ ಮೇಲೆ ನಡೆಯುವುದು ವ್ಯತಿಕರಣದ ಪ್ರಯೋಗವೇ.

ಸದ್ದಿಗೆ ಸದ್ದು ಕೂಡಿ ಮೌನವಾಗಬಹುದಾದರೆ, ಬೆಳಕೂ ಅಲೆಯಾಗಿದ್ದಲ್ಲಿ ಬೆಳಕಿಗೆ ಬೆಳಕು ಕೂಡಿ ಕತ್ತಲಾಗಬೇಕು. ಯಂಗ್ ಕೇಳಿಕೊಂಡದ್ದು ಇಷ್ಟನ್ನೇ. ಆಗ ನ್ಯೂಟನ್ನನ ಹೆಸರಿನ ತೂಕವೆಲ್ಲ ಬೆಳಕು ಕಣಗಳೆಂಬ ವಾದದ ಕಡೆಗಿತ್ತು. ಕಣಕ್ಕೆ ಕಣ ಕೂಡಿದರೆ ಎರಡು ಕಣವಾದೀತೇ ಹೊರತು ಸೊನ್ನೆಯಾಗದು. 1803ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಯಂಗ್ ವಿವರಿಸಿದ ಪ್ರಯೋಗಕ್ಕೆ ಬೇಕಾದ್ದು ಕಿಟಕಿಯ ಪರದೆಯಲ್ಲೊಂದು ಸೂಜಿರಂಧ್ರ, ಬಿಸಿಲನ್ನು ತಿರುಗಿಸಲು ಕನ್ನಡಿ, ಇಂಚಿನ ಮೂವತ್ತನೇ ಒಂದು ಪಾಲಿನಷ್ಟು ತೆಳುವಾದ ರಟ್ಟಿನ ಪಟ್ಟಿ. ಬಿಸಿಲ ಕೋಲಿನ ನಡುವೆ ಪಟ್ಟಿಯನ್ನು ಅಂಚಾಗಿ ಹಿಡಿದಾಗ ಬೆಳಕು ಅದರ ಎರಡೂ ಪಕ್ಕದಿಂದ ಹಾಯ್ದು ನೆರಳಿನೊಳಗೆ ಬಾಗಿತು. ನೆರಳಿನಲ್ಲಿ ಬೆಳಕು, ಕತ್ತಲು ಒಂದರ ಪಕ್ಕ ಒಂದರಂತೆ ಗೆರೆಗಳು ಕಂಡವು. ಆಮೇಲೆ ಆತ ಪಟ್ಟಿಯ ಒಂದು ಪಕ್ಕದ ಬೆಳಕನ್ನು ಅಡ್ಡಗಟ್ಟಿದ. ನೆರಳೊಳಗಿನ ಗೆರೆಗಳು ಮಾಯವಾದವು. ಇನ್ನೊಂದು ಪಕ್ಕದ ಬೆಳಕು ಇನ್ನೂ ಬರುತ್ತಲೇ ಇತ್ತು, ಅಂದರೆ ಬೆಳಕನ್ನು ಕಡಿಮೆ ಮಾಡಿದ್ದಕ್ಕೆ ಕಪ್ಪು ಗೆರೆಗಳು ಅಳಿಸಿಹೋದವು! ಕಪ್ಪಿನ ಜಾಗಗಳಿಗೆ ಎರಡೂ ಕಡೆಯಿಂದ ಬೆಳಕು ಬರುತ್ತಿತ್ತು. ಕಾಗದದ ಸವಾರ ಕದಲದೆ ಕುಳಿತ ಚುಕ್ಕೆಯ ಹಾಗೆಯೇ.

ಯಂಗ್‌ಗೆ ಮೆಚ್ಚುಗೆಗಿಂತ ಬೈಗುಳ ಹೆಚ್ಚು ಸಿಕ್ಕಿತು. ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಹೆನ್ರಿ ಬ್ರೂಮ್ ಎಂಬಾತ ಕಟುವಾಗಿ ಹಳಿದು ಬರೆದ. ಬೆಳಕಿನ ಅಲೆಯ ಕಥೆ ಮುಂದುವರಿದದ್ದು ಫ್ರಾನ್ಸಿನಲ್ಲಿ.

ಅಲ್ಲಿಗೆ ಹೋಗುವ ಮುನ್ನ ನೆರಳಿನೊಳಗೆ ಬೆಳಕು ಬಾಗುವುದರ ಬಗ್ಗೆ. ಪಕ್ಕದ ಕೋಣೆಯಲ್ಲಿ ಯಾರೋ ತಂಬೂರಿ ನುಡಿಸುತ್ತಿದ್ದರೆ ತೆರೆದ ಬಾಗಿಲಿನಿಂದ ನಾದ ಬರುತ್ತದೆ. ಗೋಡೆಯ ಮರೆಯಲ್ಲಿ ಕುಳಿತವರಿಗೂ ಕೇಳುತ್ತದೆ. ತಂಬೂರಿ ಮಾತ್ರ ಕಾಣುವುದಿಲ್ಲ. ಸದ್ದು ಬಾಗುತ್ತದೆ, ಬೆಳಕು ಬಾಗುವುದಿಲ್ಲ ಎಂದು ತೋರುತ್ತದೆ. ವ್ಯತ್ಯಾಸ ಅಳತೆಯದು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೆಕೆಂಡಿಗೆ 100 ಕಂಪನದ ಷಡ್ಜದ ತರಂಗದೂರ 3.4 ಮೀಟರ್, 500 ಕಂಪನದ ಗಾಂಧಾರದ್ದು 68 ಸೆಂಟಿಮೀಟರ್. ಬಾಗಿಲಿನ ಅಗಲ ಇವೆರಡರ ಆಸುಪಾಸಿನದೇ. ತನ್ನ ಅಳತೆಯ ಸಂದಿಯಿಂದ ಹಾಯುವ ಅಲೆ ಆಚೆ ಕಡೆ ಬೀಸಣಿಗೆಯಂತೆ ಹರಡುತ್ತದೆ. ಇದು ವಿವರ್ತನೆ. ಬೆಳಕಿನ ತರಂಗದೂರವೋ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ: ನೇರಳೆಗೆ ಸುಮಾರು 0.0004 ಮಿಲಿಮೀಟರ್, ಕೆಂಪಿಗೆ 0.0007. ಅದಕ್ಕೆ ನಮ್ಮ ಬಾಗಿಲು ದಿಗಂತದಷ್ಟು ಅಗಲ. ಬಾಗುತ್ತದೆ, ಆದರೆ ಕಣ್ಣಿಗೆ ಬೀಳದಷ್ಟು ಕಡಿಮೆ. ಬೊಲೊನ್ಯಾದ ಪಾದ್ರಿ ಗ್ರಿಮಾಲ್ಡಿ ಅದನ್ನು ನೋಡಿ ಹೆಸರಿಟ್ಟಿದ್ದರು. ಅವರ ಪುಸ್ತಕ ಅವರು ತೀರಿಕೊಂಡ ಮೇಲೆ 1665ರಲ್ಲಿ ಪ್ರಕಟವಾಯಿತು.

ಫ್ರಾನ್ಸಿನಲ್ಲಿ ಇದನ್ನು ಲೆಕ್ಕಕ್ಕೆ ತಂದವನು ಆಗಸ್ಟಿನ್ ಫ್ರೆನೆಲ್. ರಸ್ತೆ ಕಟ್ಟಿಸುವ ಸರ್ಕಾರಿ ಎಂಜಿನಿಯರ್, ಆರೋಗ್ಯ ಸದಾ ಕೆಟ್ಟಿದ್ದ ಮನುಷ್ಯ. ಅಲೆಯ ಮುಂಭಾಗದ ಪ್ರತಿ ಬಿಂದುವೂ ಹೊಸ ಕಿರುಅಲೆಗಳ ತವರು, ಆ ಎಲ್ಲ ಕಿರುಅಲೆಗಳನ್ನು ಚಿಹ್ನೆ ಸಹಿತ ಕೂಡಿದರೆ ಮುಂದೆ ಎಲ್ಲಿ ಎಷ್ಟು ಬೆಳಕು ಎಂದು ಸಿಗುತ್ತದೆ ಎಂದು ಆತ ಹೇಳಿದ. ವಿವರ್ತನೆಯೂ ವ್ಯತಿಕರಣವೇ, ಎರಡರ ಬದಲು ಲೆಕ್ಕವಿಲ್ಲದಷ್ಟು ಅಲೆಗಳ ವ್ಯತಿಕರಣ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ವಿವರ್ತನೆಯ ಮೇಲೆ ಸ್ಪರ್ಧೆ ಇಟ್ಟಿತ್ತು. 1818ರಲ್ಲಿ ಫ್ರೆನೆಲ್ ತನ್ನ ಪ್ರಬಂಧ ಕಳುಹಿಸಿದ. ತೀರ್ಪುಗಾರರಲ್ಲಿ ಲಾಪ್ಲಾಸ್, ಬಿಯೋ, ಪ್ವಾಸಾನ್ ಮೂವರೂ ಕಣವಾದದ ಕಡೆಯವರು. ಗಣಿತದಲ್ಲಿ ಹುಲಿಯಾಗಿದ್ದ ಪ್ವಾಸಾನ್ ಲೆಕ್ಕವನ್ನು ಮುಂದಕ್ಕೆ ಒಯ್ದು ಒಂದು ವಿಚಿತ್ರ ಫಲ ಹೊರತೆಗೆದ. ದುಂಡನೆಯ ಬಿಲ್ಲೆಯೊಂದು ಬೆಳಕಿಗೆ ಅಡ್ಡ ನಿಂತರೆ, ಫ್ರೆನೆಲ್ ಪ್ರಕಾರ, ನೆರಳಿನ ನಟ್ಟನಡುವೆ ಬಿಲ್ಲೆಯೇ ಇಲ್ಲವೆಂಬಷ್ಟು ಬೆಳಕು ಇರಬೇಕು. ಬಿಲ್ಲೆಯ ಅಂಚಿನ ಎಲ್ಲ ಬಿಂದುಗಳಿಂದಲೂ ಆ ನಡುವಿಗೆ ಒಂದೇ ದೂರ. ಅಲ್ಲಿಂದ ಬರುವ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಬಂದು ಸೇರುತ್ತವೆ. ಇದು ಅಸಂಬದ್ಧ, ಆದ್ದರಿಂದ ಸಿದ್ಧಾಂತವೇ ತಪ್ಪು ಎಂಬುದು ಪ್ವಾಸಾನ್‌ನ ವಾದ. ಸಮಿತಿಯಲ್ಲಿದ್ದ ಫ್ರಾನ್ಸ್ವಾ ಅರಾಗೊ ಎರಡು ಮಿಲಿಮೀಟರಿನ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿಗೆ ಅಂಟಿಸಿ ನೋಡಿಯೇಬಿಟ್ಟ. ನೆರಳಿನ ನಡುವೆ ಬೆಳಕಿನ ಚುಕ್ಕೆ ಇತ್ತು. 1819ರಲ್ಲಿ ಬಹುಮಾನ ಫ್ರೆನೆಲ್‌ನ ಪಾಲಾಯಿತು. ತಂತಿಯ ಮೇಲೆ ಅಲುಗಬೇಕಾದ ಕಡೆ ಅಲುಗದ ಚುಕ್ಕೆ, ಇಲ್ಲಿ ಕತ್ತಲಿರಬೇಕಾದ ಕಡೆ ಬೆಳಕಿನ ಚುಕ್ಕೆ. ಲೆಕ್ಕ ಒಂದೇ.

ಮನೆಯಲ್ಲಿ ಇದನ್ನು ನೋಡಲು ರಾಯಲ್ ಸೊಸೈಟಿ ಬೇಕಿಲ್ಲ. ತಲೆಯ ಒಂದು ಕೂದಲನ್ನು ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ, ಕತ್ತಲ ಕೋಣೆಯಲ್ಲಿ ಲೇಸರ್ ಪಾಯಿಂಟರಿನ ಕೆಂಪು ಬೆಳಕನ್ನು ಅದರ ಮೇಲೆ ಹಾಯಿಸಿ. ಲೇಸರ್ ಯಾರ ಕಣ್ಣಿಗೂ ಬೀಳದಂತೆ ಎಚ್ಚರವಿರಲಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಕೂದಲಿನ ನೆರಳು ಬೀಳುವುದಿಲ್ಲ. ಅಡ್ಡಡ್ಡಲಾಗಿ ಹರಡಿದ ಕೆಂಪು ಪಟ್ಟಿ, ಅದರಲ್ಲಿ ಸಮ ಅಂತರದ ಕಪ್ಪು ಕಡಿತಗಳು ಕಾಣುತ್ತವೆ. ನಡುವಿನ ಹೊಳಪಿನ ಒಂದೇ ಪಕ್ಕದಲ್ಲಿರುವ ಎರಡು ನೆರೆಯ ಕಡಿತಗಳ ಅಂತರವನ್ನು ಅಳೆಯಿರಿ. ಬೆಳಕಿನ ತರಂಗದೂರವನ್ನು ಗೋಡೆಯ ದೂರದಿಂದ ಗುಣಿಸಿ, ಆ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಗುತ್ತದೆ. ಲೇಸರಿನ ತರಂಗದೂರ 0.00065 ಮಿಲಿಮೀಟರ್ ಆಗಿದ್ದು ಅಂತರ ಹದಿನೆಂಟೂವರೆ ಮಿಲಿಮೀಟರ್ ಬಂದರೆ ಕೂದಲಿನ ದಪ್ಪ 0.07 ಮಿಲಿಮೀಟರ್. ಶಾಲೆಯ ಸ್ಕೇಲಿನಿಂದ ಇಷ್ಟು ನವಿರಾದದ್ದನ್ನು ಅಳೆದೆವಲ್ಲ ಎಂಬ ಸಂತೋಷ ಮಕ್ಕಳ ಮುಖದಲ್ಲಿ ಮೂಡುವುದನ್ನು ನೋಡಬೇಕು. ಪ್ರತಿ ಪ್ರೌಢಶಾಲೆಯಲ್ಲೂ ಈ ಪ್ರಯೋಗ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಖರ್ಚು ಒಂದು ಲೇಸರ್, ಒಂದು ಕೂದಲು.

ಬೆಳಕನ್ನು ಹಗ್ಗದ ಹಾಗೆ ನಿಲ್ಲಿಸಲು ಸಾಧ್ಯವೇ? ಕನ್ನಡಿಗೆ ಬೆಳಕನ್ನು ನೇರವಾಗಿ ಬಿಟ್ಟರೆ ಹೋಗುವ ಅಲೆ, ಬರುವ ಅಲೆ ಎರಡೂ ಇರುತ್ತವೆ, ಆದ್ದರಿಂದ ಸ್ಥಾಯಿ ತರಂಗ ಇರಲೇಬೇಕು. ತೊಡಕೆಂದರೆ ನಿಸ್ಪಂದಗಳ ನಡುವೆ ಇರುವುದು ಅರ್ಧ ತರಂಗದೂರ, ಕಣ್ಣಿಗೆ ಎಟುಕದಷ್ಟು ಕಿರಿದು. ಹೈನ್‌ರಿಕ್ ಹರ್ಟ್ಸ್ 1888ರಲ್ಲಿ ಕಾರ್ಲ್ಸ್‌ರುಯೆಯ ತರಗತಿಯ ಗೋಡೆಗೆ ಸತುವಿನ ದೊಡ್ಡ ತಗಡು ಹೊಡೆದು, ಬೆಳಕಿನ ಬಂಧುವಾದ ವಿದ್ಯುತ್ಕಾಂತ ಅಲೆಗಳನ್ನು ಅದರತ್ತ ಕಳಿಸಿದ. ಆ ಅಲೆಗಳ ಉದ್ದ ಮೀಟರುಗಳ ಲೆಕ್ಕದಲ್ಲಿತ್ತು. ತಂತಿಯ ಬಳೆಯೊಂದನ್ನು ಹಿಡಿದು ಗೋಡೆಯಿಂದ ದೂರ ನಡೆಯುತ್ತ ಹೋದಾಗ ಬಳೆಯ ಸಂದಿನಲ್ಲಿ ಕಿಡಿ ಹೆಚ್ಚುತ್ತ, ಕುಗ್ಗುತ್ತ ಹೋಯಿತು. ಗಾಳಿಯಲ್ಲಿದ್ದ ನಿಸ್ಪಂದಗಳನ್ನು ಆತ ನಡೆದಾಡಿ ಗುರುತಿಸಿದ. ಎರಡು ವರ್ಷದ ಮೇಲೆ ಓಟೊ ವೀನರ್, ಬೆಳಕಿನ ತರಂಗದೂರಕ್ಕಿಂತ ಎಷ್ಟೋ ಪಟ್ಟು ತೆಳುವಾದ ಛಾಯಾಚಿತ್ರದ ಪೊರೆಯನ್ನು ಕನ್ನಡಿಯ ಮುಂದೆ ತುಸು ಓರೆಯಾಗಿ ಇಟ್ಟು, ನಿಜವಾದ ಬೆಳಕಿನ ನಿಸ್ಪಂದಗಳನ್ನೇ ಪಟ್ಟೆಗಳಾಗಿ ಅಚ್ಚೊತ್ತಿಸಿಕೊಂಡ.

ಪ್ಯಾರಿಸ್ಸಿನ ಗ್ಯಾಬ್ರಿಯೆಲ್ ಲಿಪ್ಮನ್ ಮಾಡಿದ್ದು ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. 1891ರಲ್ಲಿ ಆತ ಛಾಯಾಚಿತ್ರದ ಗಾಜಿನ ಹಿಂದೆ ಕನ್ನಡಿಯಾಗಿ ಪಾದರಸ ತುಂಬಿದ. ಲೇಪದ ಮೂಲಕ ಹಾಯ್ದ ಬೆಳಕು ಪಾದರಸಕ್ಕೆ ಬಡಿದು ಮರಳಿತು, ಲೇಪದೊಳಗೇ ಸ್ಥಾಯಿ ತರಂಗ ನಿಂತಿತು. ಪ್ರಸ್ಪಂದಗಳಿದ್ದಲ್ಲಿ ಬೆಳ್ಳಿ ಪದರವಾಗಿ ಕೂತಿತು, ನಿಸ್ಪಂದಗಳಿದ್ದಲ್ಲಿ ಕೂರಲಿಲ್ಲ. ಕೆಂಪು ಬಿದ್ದ ಕಡೆ ಪದರಗಳ ನಡುವೆ ಅಂತರ ಹೆಚ್ಚು, ನೀಲಿ ಬಿದ್ದ ಕಡೆ ಕಡಿಮೆ. ಆಮೇಲೆ ಬಿಳಿ ಬೆಳಕಿನಲ್ಲಿ ಹಿಡಿದರೆ ಪ್ರತಿ ಜಾಗವೂ ತನ್ನ ಅಂತರಕ್ಕೆ ಹೊಂದುವ ಬಣ್ಣವನ್ನೇ ಮರಳಿಸುತ್ತದೆ. ಒಂದು ಹನಿ ಬಣ್ಣವಿಲ್ಲದ ಬಣ್ಣದ ಚಿತ್ರ! ಇದಕ್ಕೆ 1908ರ ನೊಬೆಲ್ ಬಂತು. ನಿಮಿಷಗಟ್ಟಲೆ ಬೆಳಕು ಬೇಡುತ್ತಿದ್ದ ಈ ವಿಧಾನ ಬಳಕೆಗೆ ನಿಲ್ಲಲಿಲ್ಲ. ನವಿಲುಗರಿಯ ಬಣ್ಣವೂ ಹೀಗೆಯೇ ಬರುವುದು. ನೀಲಿ ಹಸಿರು ಕಾಣುವ ಆ ಗರಿಯಲ್ಲಿ ಹಸಿರು ಬಣ್ಣವೂ ಇಲ್ಲ, ನೀಲಿ ಬಣ್ಣವೂ ಇಲ್ಲ, ಇರುವುದು ಅಂತರಗಳು.

ಹಪ್ಪಳದ ಮಾತು ಬಾಕಿ ಇದೆ. ಮೈಕ್ರೋವೇವ್ ಒಲೆಯೂ ಹರ್ಟ್ಸ್‌ ತಗಡು ಹೊಡೆದ ಗೋಡೆಯಂಥ ಲೋಹದ ಗೋಡೆಗಳ ಪೆಟ್ಟಿಗೆ. ಅಲೆಗಳು ಒಳಗೆ ಎಲ್ಲ ಗೋಡೆಗಳಿಗೂ ಬಡಿದು ಮರಳುತ್ತ ಸ್ಥಾಯಿಯಾಗಿ ನಿಲ್ಲುತ್ತವೆ. ತಿರುಗುವ ತಟ್ಟೆ ಇರುವುದೇ ಅಡುಗೆ ನಿಸ್ಪಂದದಲ್ಲಿ ಸಿಕ್ಕಿಕೊಂಡು ಹಸಿಯಾಗಿ ಉಳಿಯದಿರಲಿ ಎಂದು. ಆ ತಟ್ಟೆ ತಿರುಗದಂತೆ ಮಾಡಿ, ಉದ್ದಿನ ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಹರಡಿ, ಕೆಲವೇ ಸೆಕೆಂಡು ಒಲೆ ಹಚ್ಚಿ. ಹಪ್ಪಳ ಅಲ್ಲಲ್ಲಿ ಉಬ್ಬಿ ಬೆಳ್ಳಗಾಗಿರುತ್ತದೆ, ನಡುನಡುವೆ ಹಸಿಯಾಗಿಯೇ ಉಳಿದಿರುತ್ತದೆ. ಉಬ್ಬಿದ ಎರಡು ನೆರೆಯ ಜಾಗಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಇದ್ದೀತು. ಅದು ಅರ್ಧ ತರಂಗದೂರ. ಇಮ್ಮಡಿಸಿ, ಒಲೆಯ ಹಿಂದೆ ಬರೆದಿರುವ ಆವೃತ್ತಿಯಿಂದ ಗುಣಿಸಿ. ಸಾಮಾನ್ಯವಾಗಿ ಅದು 2450 ಮೆಗಾಹರ್ಟ್ಸ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಹತ್ತಿರ ಬರುತ್ತದೆ. ಬೆಳಕಿನ ವೇಗ! ಪೆಟ್ಟಿಗೆಯೊಳಗೆ ಅಲೆಗಳು ಮೂರು ದಿಕ್ಕಿಗೂ ನಿಲ್ಲುವುದರಿಂದ ಕಲೆಗಳು ನೇರ ಸಾಲಿನಲ್ಲಿ ಬರುವುದಿಲ್ಲ, ನಾಲ್ಕಾರು ಅಳತೆಗಳ ಸರಾಸರಿ ತೆಗೆಯಬೇಕಾದೀತು.

ರಾಮನ್ ಕಡೆಗೆ ಮರಳೋಣ. ತಂಬೂರಿಯ ಲೇಖನ ಬರೆಯುವ ಹದಿನೈದು ವರ್ಷ ಮೊದಲು, 1906ರಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅವರ ಮೊಟ್ಟಮೊದಲ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಗಿತ್ತು. ವಿಷಯ, ಆಯತಾಕಾರದ ಕಿಂಡಿಯಿಂದ ಹಾಯುವ ಬೆಳಕಿನ ವಿವರ್ತನೆ. ಆಗ ಅವರಿಗೆ ಹದಿನೆಂಟು. ಬೆಳಕಿನ ವಿವರ್ತನೆಯಿಂದ ಹೊರಟು, ತಂತಿಗಳ ಸ್ಥಾಯಿ ತರಂಗಗಳನ್ನು ವರ್ಷಗಟ್ಟಲೆ ಕೇಳಿ, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಅವರು ಬೆಂಗಳೂರಿಗೆ ಬಂದರು. ಸದ್ದು, ಬೆಳಕು ಎರಡೂ ಒಂದೇ ಪಾತ್ರೆಯಲ್ಲಿ ಸೇರುವ ಸಮಸ್ಯೆಯೊಂದು ಅವರಿಗಾಗಿ ಕಾಯುತ್ತಿದ್ದಂತಿತ್ತು.

1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಒಂದು ಹೊಸ ಸಂಗತಿ ಕಂಡಿದ್ದರು. ದ್ರವ ತುಂಬಿದ ಗಾಜಿನ ತೊಟ್ಟಿಯೊಳಗೆ ಸ್ಫಟಿಕವೊಂದನ್ನು ವಿದ್ಯುತ್ತಿನಿಂದ ಕಂಪಿಸುವಂತೆ ಮಾಡಿದರೆ ಕಿವಿಗೆ ಕೇಳದಷ್ಟು ಮೇಲಿನ ಆವೃತ್ತಿಯ ಸದ್ದು ದ್ರವದಲ್ಲಿ ಹಾಯುತ್ತದೆ. ಸದ್ದು ಹಾಯುವಾಗ ದ್ರವ ಒಂದು ಕಡೆ ಒತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಸಡಿಲವಾಗುತ್ತದೆ. ಸದ್ದಿಗೆ ಅಡ್ಡಲಾಗಿ ಬೆಳಕು ಬಿಟ್ಟರೆ ಆಚೆಯ ಪರದೆಯ ಮೇಲೆ ಒಂದು ಗೆರೆಯ ಬದಲು ಸಾಲು ಗೆರೆಗಳು ಬೀಳುತ್ತವೆ. ಸಮ ಅಂತರದ ಕಿಂಡಿಗಳ ಸಾಲಿನಂತೆ ಸದ್ದು ಬೆಳಕಿಗೆ ಜಾಲರಿಯಾಗುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಸೆಕೆಂಡಿಗೆ ಒಂದು ಕೋಟಿ ಕಂಪನದ ಸದ್ದಿಗೆ ತರಂಗದೂರ 0.15 ಮಿಲಿಮೀಟರ್. ಇಂಥ ಜಾಲರಿಯಿಂದ ಮೂರು ಮೀಟರ್ ಆಚೆ ಗೆರೆಗಳ ನಡುವೆ ಹನ್ನೆರಡು ಮಿಲಿಮೀಟರಿನಷ್ಟು ಅಂತರ ಸಿಗುತ್ತದೆ, ಬರಿಗಣ್ಣಿಗೆ ಕಾಣುವಂಥದ್ದು. ಒಗಟು ಇದ್ದದ್ದು ಗೆರೆಗಳ ಹೊಳಪಿನಲ್ಲಿ. ಸದ್ದನ್ನು ಜೋರು ಮಾಡುತ್ತ ಹೋದಂತೆ ಹೊಳಪು ಒಂದು ಗೆರೆಯಿಂದ ಇನ್ನೊಂದಕ್ಕೆ ಅಲೆದಾಡುತ್ತಿತ್ತು. ಆಗಿದ್ದ ಯಾವ ಸಿದ್ಧಾಂತಕ್ಕೂ ಇದು ಒಗ್ಗುತ್ತಿರಲಿಲ್ಲ.

ರಾಮನ್ ಮತ್ತು ಅವರ ಜೊತೆಗಿದ್ದ ಯುವ ಸಂಶೋಧಕ ಎನ್. ಎಸ್. ನಾಗೇಂದ್ರನಾಥ್ 1935 ಮತ್ತು 1936ರಲ್ಲಿ ಐದು ಕಂತುಗಳಲ್ಲಿ ಅದನ್ನು ಬಿಡಿಸಿದರು. ಅವರ ಮೂಲ ಯೋಚನೆ ಬಹಳ ಸರಳ. ಒತ್ತಿಕೊಂಡ ದ್ರವದಲ್ಲಿ ಬೆಳಕು ತುಸು ನಿಧಾನ, ಸಡಿಲ ದ್ರವದಲ್ಲಿ ತುಸು ಬೇಗ. ಚಪ್ಪಟೆಯಾಗಿ ಒಳಹೊಕ್ಕ ಬೆಳಕಿನ ಅಲೆ ಹೊರಬರುವಾಗ ತಗಡಿನ ಮಾಡಿನಂತೆ ಏರಿಳಿತದ ಮೈ ತಳೆದಿರುತ್ತದೆ. ದ್ರವ ಬೆಳಕಿನ ಒಂದಿಷ್ಟನ್ನೂ ತಡೆದಿಲ್ಲ, ಹೆಜ್ಜೆ ತಪ್ಪಿಸಿದೆ ಅಷ್ಟೇ. ಈ ಸುಕ್ಕುಗಟ್ಟಿದ ಮುಂಭಾಗದ ಕಿರುಅಲೆಗಳನ್ನು ಫ್ರೆನೆಲ್ ಹೇಳಿದಂತೆ ಕೂಡಿದರೆ ಪ್ರತಿ ಗೆರೆಯ ಹೊಳಪೂ ಬೆಸೆಲ್ ಫಲನಗಳೆಂಬ ಏರಿಳಿಯುವ ಗಣಿತ ಸೂತ್ರಗಳ ವರ್ಗವಾಗಿ ಹೊರಬೀಳುತ್ತದೆ, ಹೊಳಪಿನ ಅಲೆದಾಟವೂ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿ ಒಂದು ಫಲ ಪ್ವಾಸಾನ್ ಚುಕ್ಕೆಗೆ ಕನ್ನಡಿ ಹಿಡಿದಂತಿದೆ. ಸದ್ದು ಒಂದು ನಿರ್ದಿಷ್ಟ ಬಲಕ್ಕೆ ಬಂದಾಗ ನೇರವಾಗಿ ಹಾಯಬೇಕಾದ ನಡುವಿನ ಬೆಳಕು ಪೂರ್ತಿ ಆರಿಹೋಗುತ್ತದೆ. ತಿಳಿಯಾದ ನೀರಿನ ಮೂಲಕ ನೇರ ಮುಂದೆ ನೋಡಿದರೆ ಕತ್ತಲೆ, ಎಲ್ಲ ಬೆಳಕೂ ಅಕ್ಕಪಕ್ಕಕ್ಕೆ ಸರಿದಿದೆ.

ತೊಟ್ಟಿಯ ಎದುರು ಗೋಡೆಗೆ ಸದ್ದು ಬಡಿದು ಮರಳಿದರೆ ದ್ರವದಲ್ಲಿ ಸ್ಥಾಯಿ ತರಂಗ ನಿಲ್ಲುತ್ತದೆ. ಮೂರನೇ ಕಂತಿನಲ್ಲಿ ಅವರು ಸಾಗುವ ಅಲೆಗೂ ನಿಂತ ಅಲೆಗೂ ಇರುವ ವ್ಯತ್ಯಾಸವನ್ನು ವಿವರಿಸಿದರು. ಸಾಗುವ ಸದ್ದಿನಿಂದ ಚದುರಿದ ಗೆರೆಗಳಲ್ಲಿ ಪ್ರತಿಯೊಂದರ ಆವೃತ್ತಿಯೂ ಸದ್ದಿನ ಆವೃತ್ತಿಯ ಇಂತಿಷ್ಟು ಪಟ್ಟು ಜರುಗಿರುತ್ತದೆ, ಯಾವ ಎರಡೂ ಪರಸ್ಪರ ಹೊಂದುವುದಿಲ್ಲ. ನಿಂತ ಸದ್ದಿನಿಂದ ಬಂದ ಗೆರೆಗಳು ಎರಡು ಗುಂಪಾಗುತ್ತವೆ: ಸಮಸಂಖ್ಯೆಯವು ಒಂದು, ಬೆಸಸಂಖ್ಯೆಯವು ಇನ್ನೊಂದು. ಒಂದೇ ಗುಂಪಿನ ಗೆರೆಗಳು ತಮ್ಮತಮ್ಮಲ್ಲಿ ವ್ಯತಿಕರಣ ತೋರಬಲ್ಲವು, ಗುಂಪು ದಾಟಿ ತೋರಲಾರವು. ಜ್ಯೂರಿಕ್‌ನಲ್ಲಿ ಬೇರ್ ಎಂಬ ವಿಜ್ಞಾನಿ ಪ್ರಯೋಗದಲ್ಲಿ ಇದನ್ನೇ ಕಂಡಿದ್ದರು. ನಿಂತ ಅಲೆಯ ಇನ್ನೊಂದು ಗುಣ ತಂಬೂರಿಯ ತಂತಿಯನ್ನು ನೋಡಿದವರಿಗೆ ಪರಿಚಿತ. ಪ್ರತಿ ಕಂಪನದಲ್ಲಿ ಎರಡು ಸಲ ಇಡೀ ತಂತಿ ನೇರವಾಗಿ ಹಾಯುತ್ತದೆ. ದ್ರವವೂ ಹಾಗೇ ಕಂಪನಕ್ಕೆ ಎರಡು ಸಲ ಎಲ್ಲೆಡೆ ಸಮವಾಗುತ್ತದೆ, ಆ ಕ್ಷಣ ಜಾಲರಿ ಇರುವುದಿಲ್ಲ. ಸೆಕೆಂಡಿಗೆ ಒಂದು ಕೋಟಿ ಕಂಪನದ ಸದ್ದಾದರೆ ಜಾಲರಿ ಸೆಕೆಂಡಿಗೆ ಎರಡು ಕೋಟಿ ಸಲ ಹುಟ್ಟಿ ಅಳಿಯುತ್ತದೆ. ಇಷ್ಟು ಚುರುಕಾಗಿ ಬೆಳಕನ್ನು ತೆರೆದು ಮುಚ್ಚುವ ಬಾಗಿಲನ್ನು ಕಬ್ಬಿಣ, ಮರಗಳಲ್ಲಿ ಮಾಡಲಾಗದು. ಇಂದು ಲೇಸರ್ ಬಳಸುವ ಪ್ರಯೋಗಾಲಯಗಳಲ್ಲಿ ಬೆಳಕನ್ನು ಸದ್ದಿನಿಂದ ತಿರುಗಿಸುವ, ಕತ್ತರಿಸುವ ಪುಟ್ಟ ಹರಳುಗಳು ಸಾಮಾನ್ಯ. ಅವುಗಳ ಕೆಲಸದ ಒಂದು ಬಗೆಯನ್ನು ಜಗತ್ತಿನಾದ್ಯಂತ ರಾಮನ್–ನಾಥ್ ವಿವರ್ತನೆ ಎಂದೇ ಕರೆಯುತ್ತಾರೆ.

ಆ ಐದು ಕಂತುಗಳೂ ಅಚ್ಚಾದದ್ದು ವಿದೇಶದ ಪತ್ರಿಕೆಯಲ್ಲಲ್ಲ. 1934ರಲ್ಲಿ ರಾಮನ್ ಬೆಂಗಳೂರಿನಲ್ಲೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಹಳೆಯ ಆ ಸಂಚಿಕೆಗಳನ್ನು ಅಕಾಡೆಮಿ ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಇಟ್ಟಿದೆ. ಮೊದಲ ಕಂತು ಕೆಲವೇ ಪುಟಗಳದು. ಪಿಯುಸಿಯ ಗಣಿತ ಬಲ್ಲವರಿಗೆ ಅದರ ಅರ್ಧಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ತೆರೆದು ಓದಿ.